ರಾಜ ಮತ್ತೆ ಕೇಳಿದ

ಸುಶ್ಮಿತಾಳ ಪಿಎಚ್.ಡಿ. ವಿಷಯವನ್ನು ವಿಶ್ವವಿದ್ಯಾಲಯದ ಸಮಿತಿ ಒಂದೇ ಏಟಿಗೆ ಒಪ್ಪಿಕೊಂಡಿತ್ತು. ಅದಕ್ಕೆ ಕಾರಣ, ವಿಷಯ ಏನೆಂದು ಸಮಿತಿಯಲ್ಲಿ ಯಾರಿಗೂ ತಿಳಿಯದೇ ಇದ್ದದ್ದು. ‘ಹೊಕೊರಾ ಕಥನ ಸರಣಿ: ಉಗಮ, ವಿಕಾಸ ಮತ್ತು ರಚನೆ’ ಎಂದು ಅವಳು ಅರ್ಜಿಯಲ್ಲಿ ಬರೆದಿದ್ದಳು. ಹೊಕೊರಾ ಎಂಬುದು ಈಶಾನ್ಯ ರಾಜ್ಯಗಳ ಕಡೆಯ ಯಾವುದೋ ಬುಡಕಟ್ಟು ಇರಬೇಕೆಂದು ಒಬ್ಬರು ಅಂದಾಜು ಮಾಡಿದರು. ಅದರ ಬಗ್ಗೆ ತಾವೂ ಅಷ್ಟಿಷ್ಟು ಓದಿದ್ದೇವೆ ಎಂಬಂತೆ ಇನ್ನೊಬ್ಬರು ತಲೆಯಾಡಿಸಿದರು. ಜಾನಪದ ವಿಭಾಗದಲ್ಲಿ ತಲೆಯಾಡಿಸಿದ ಮೇಲೆ ಮುಗಿಯಿತು.

ಅದು ಜಪಾನಿನ ವಿಡಿಯೊ ಗೇಮ್ ಎಂಬುದು ಅವಳ ಮಾರ್ಗದರ್ಶಕ ಪ್ರಭುಲಿಂಗಪ್ಪನವರಿಗೆ ಗೊತ್ತಾದದ್ದು ಎರಡನೆಯ ವರ್ಷ, ಅವಳು ಮೊದಲ ಅಧ್ಯಾಯ ಬರೆದು ಒಪ್ಪಿಸಿದಾಗ. ಅವರು ಕೂಗಾಡಲಿಲ್ಲ. ಕೂಗಾಡುವ ಮನುಷ್ಯರೇ ಅಲ್ಲ ಅವರು. ಹಾವೇರಿಯ ಅವರ ಮನೆಯ ಪಡಸಾಲೆಯ ಗೋಡೆಗೆ ಜಿಲ್ಲೆಯ ನಕಾಶೆ ತೂಗುಹಾಕಿತ್ತು. ಮೂವತ್ತೈದು ವರ್ಷದ ಹಿಂದೆ ಅವರು ಹಾವೇರಿ ತಾಲೂಕಿನ ಬೀಸುಕಲ್ಲಿನ ಪದಗಳ ಮೇಲೆ ಪ್ರಬಂಧ ಬರೆದಿದ್ದರು. ಆಮೇಲೆ ಬಂದ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ತಾಲೂಕು ಹಂಚಿ, ಮುಗಿದಂತೆ ಅದಕ್ಕೆ ಕೆಂಪು ಮಸಿ ತುಂಬುತ್ತ ಬಂದಿದ್ದರು. ಎಂಟರಲ್ಲಿ ಏಳು ಕೆಂಪಾಗಿದ್ದವು. ಬ್ಯಾಡಗಿ ಒಂದೇ ಬೆಳ್ಳಗೆ ಉಳಿದಿತ್ತು. ಊರೂರಿಗೆ ಹಿಟ್ಟಿನ ಗಿರಣಿ ಬಂದು, ಬೀಸುಕಲ್ಲು ತುಳಸಿಕಟ್ಟೆಯ ಪಕ್ಕ ಮಗುಚಿ ಬಿದ್ದು ಎಷ್ಟೋ ವರ್ಷವಾಗಿತ್ತು. ಆದರೆ ನಕಾಶೆಗೆ ಅದು ಗೊತ್ತಿರಲಿಲ್ಲ.

“ಏನವಾ, ವಿಷಯಾ ಬದ್ಲಿ ಮಾಡ್ತಿಯೇನು? ಬಲವಂತೇನಿಲ್ಲ ಮತ್ತ,” ಎಂದು ಅವರು ಕೇಳಿದರು.

“ಇಲ್ರಿ ಸರ, ಒಲ್ಲೆರಿ.”

“ಆತು, ವಿಚಾರ ಮಾಡು.”

ಮುಂದಿನ ತಿಂಗಳು ಚಹಾ ಕೊಟ್ಟು ಮತ್ತೆ ಕೇಳಿದರು. ಅದರ ಮುಂದಿನ ತಿಂಗಳೂ ಕೇಳಿದರು. ಮಾತು ಅದೇ, ದನಿ ಅದೇ, ಬಲವಂತವಿಲ್ಲ ಎನ್ನುವುದೂ ಅದೇ. ಸುಶ್ಮಿತಾ ಪ್ರತಿ ಸಲ ಒಲ್ಲೆ ಎಂದು, ಬಸ್ ಹಿಡಿದು ರಾಣೆಬೆನ್ನೂರಿಗೆ ಮರಳುತ್ತಿದ್ದಳು.

ಹೊಕೊರಾ ಅವಳ ಪಾಲಿಗೆ ಓದಿ ಹಿಡಿದ ವಿಷಯವಲ್ಲ. ಹತ್ತು ವರ್ಷದವಳಿದ್ದಾಗ ಅಪ್ಪ ಮೈಲಾರೆಪ್ಪ ರಾಣೆಬೆನ್ನೂರಿನ ಸಂತೆಯಿಂದ ಟೀವಿಗೆ ಹಚ್ಚುವ ಆಟದ ಪೆಟ್ಟಿಗೆ ತಂದಿದ್ದ. ಕ್ಯಾಸೆಟ್ಟಿನ ಮೇಲೆ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬರೆದಿತ್ತು, ಒಳಗಿದ್ದದ್ದು ಹನ್ನೊಂದು. ಹನ್ನೊಂದನೆಯದು ಹೊಕೊರಾದ ಮೊದಲ ಭಾಗ. ಅದರಲ್ಲಿ ಗಡ್ಡದ ರಾಜನೊಬ್ಬ ಸಿಂಹಾಸನದ ಮೇಲೆ ಕೂತು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದ. ಕೆಳಗೆ ಎರಡು ಉತ್ತರ. ಕನ್ನಡ ಶಾಲೆಯ ಹುಡುಗಿ ಕೆಳಗಿನದನ್ನು ಒತ್ತಿದಳು. ರಾಜ ಅದನ್ನೇ ಮತ್ತೆ ಕೇಳಿದ. ಆ ಇಡೀ ಬೇಸಗೆ ರಜೆ ಅವಳು ರಾಜನ ಮುಂದೆಯೇ ನಿಂತಿದ್ದಳು. ಆಟವೆಂದರೆ ಇಷ್ಟೇ ಎಂದು ನಂಬಿದ್ದಳು.

ದೊಡ್ಡವಳಾದ ಮೇಲೆ ತಿಳಿಯಿತು, ರಾಜ ಕೇಳುತ್ತಿದ್ದದ್ದು ‘ಲೋಕವನ್ನು ಉಳಿಸಲು ಹೋಗುತ್ತೀಯಾ?’ ಎಂದು. ಮೇಲಿನದು ಹೂಂ, ಕೆಳಗಿನದು ಒಲ್ಲೆ. ಒಲ್ಲೆ ಎಂದರೆ ರಾಜ ಹೂಂ ಅನ್ನುವವರೆಗೂ ಕೇಳುತ್ತಲೇ ಇರುತ್ತಾನೆ. ಯಾಕೆ ಹಾಗೆ ಎಂದು ಹುಡುಕುತ್ತ ಹೋದವಳು ಸರಣಿಯ ಚರಿತ್ರೆಗೇ ಇಳಿದಳು. ಒಸಾಕಾದ ಆರು ಜನ ಸೇರಿ ಮೊದಲ ಭಾಗ ಕಟ್ಟುವಾಗ ಕ್ಯಾಸೆಟ್ಟಿನೊಳಗೆ ಅವರಿಗೆ ಸಿಕ್ಕ ಜಾಗ, ಈಗ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಒಂದು ಚಿತ್ರಕ್ಕೂ ಸಾಲದು. ಒಂದೇ ನರಿಯ ಚಿತ್ರಕ್ಕೆ ಕೆಂಪು ಬಳಿದರೆ ಬಡ ನರಿ, ನೀಲಿ ಬಳಿದರೆ ಬಲಿಷ್ಠ ನರಿ. ನಾಯಕನಿಗೆ ಒಂದು ಮಾತನ್ನೂ ಕೊಡಲಾಗಲಿಲ್ಲ, ಅವನು ಮೂಕನಾದ. ಒಲ್ಲೆ ಅಂದವನ ಕಥೆ ಬರೆಯಲು ಜಾಗವೇ ಉಳಿಯಲಿಲ್ಲ. ಅದಕ್ಕೆ ರಾಜ ಮತ್ತೆ ಕೇಳಿದ.

ಮುಂದೆ ಇನ್ನೂ ಎಂಟು ಭಾಗಗಳು ಬಂದವು. ಒಂಬತ್ತನೆಯದರಲ್ಲಿ ರಾಜನ ಗಡ್ಡದ ಕೂದಲು ಒಂದೊಂದೂ ಗಾಳಿಗೆ ಅಲುಗುತ್ತದೆ. ಜಾಗಕ್ಕೇನೂ ಕೊರತೆಯಿಲ್ಲ, ಆದರೂ ರಾಜ ಅದನ್ನೇ ಕೇಳುತ್ತಾನೆ. ಈಗ ಬಿಟ್ಟರೆ ಅಭಿಮಾನಿಗಳು ಸಿಟ್ಟಾಗುತ್ತಾರೆ. ಬಡತನಕ್ಕೆ ಮಾಡಿಕೊಂಡದ್ದು ಸಿರಿವಂತಿಕೆ ಬಂದ ಮೇಲೆ ಸಂಪ್ರದಾಯವಾಗುತ್ತದೆ, ಜಾನಪದ ಎಂದರೆ ಇದೇ ಅಲ್ಲವೇ ಎಂಬುದು ಅವಳ ಐದನೆಯ ಅಧ್ಯಾಯ. ಅದು ಅವಳದೇ ಸ್ವಂತ ವಿಚಾರ, ಯಾರಿಂದಲೂ ಎತ್ತಿದ್ದಲ್ಲ. ನಮ್ಮ ಪ್ರಬಂಧಗಳಲ್ಲಿ ಅಂಥದ್ದು ಎಷ್ಟು ಅಪರೂಪವೆಂದು ಅವಳಿಗೂ ಗೊತ್ತಿತ್ತು. ಆ ಅಧ್ಯಾಯಕ್ಕಾಗಿ ಅವಳು ಜೀವ ಬಿಡುತ್ತಿದ್ದಳು.

ಐದನೆಯ ವರ್ಷ ಕಚೇರಿಯವರು ಹೊಸ ಕೊಕ್ಕೆ ಹಾಕಿದರು. ಜಾನಪದ ಪ್ರಬಂಧವೆಂದರೆ ಕ್ಷೇತ್ರಕಾರ್ಯ ಬೇಕು. ಕ್ಷೇತ್ರಕಾರ್ಯವೆಂದರೆ ವಕ್ತೃಗಳ ಪಟ್ಟಿ ಬೇಕು. ಕಥೆ ಹೇಳಿದ ಹತ್ತು ಜನ, ಅರವತ್ತು ದಾಟಿದವರು, ಹೆಸರು, ಊರು, ಕಸುಬು, ಫೋಟೊ. ಜಪಾನಿನ ವಿಡಿಯೊ ಗೇಮ್ ಆಡಿದ ಅರವತ್ತು ದಾಟಿದವರನ್ನು ಎಲ್ಲಿಂದ ತರಲಿ ಎಂದು ಅವಳು ಕೇಳಿದ್ದಕ್ಕೆ ಗುಮಾಸ್ತ, ಅದು ನಿಮ್ಮ ಕ್ಷೇತ್ರ, ನಮ್ಮದಲ್ಲ ಎಂದ. ಮಾರ್ಚ್ ಮುಗಿಯುವುದರೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು. ಬ್ಯಾಡಗಿಯ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿಯಾಗಿ ಒಂಬತ್ತು ವರ್ಷವಾಗಿತ್ತು. ಪದವಿ ಬಂದರೆ ಕಾಯಂ ಆಗುವ ದಾರಿಯಿತ್ತು, ಬರದಿದ್ದರೆ ಮುದುಕಿಯಾಗುವವರೆಗೂ ಅತಿಥಿ.

ಕಾಲೇಜಿನ ಹಿಂದೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿತ್ತು. ರಾಶಿಯ ಸುತ್ತ ಕೂತ ಹೆಂಗಸರಲ್ಲಿ ಅರವತ್ತು ದಾಟಿದವರು ಎಣಿಸಿದಂತೆ ಹತ್ತು ಮಂದಿ. ಸುಶ್ಮಿತಾ ಮೂಗಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದಳು, ಮರುದಿನ ಹಳೆಯ ಆಟದ ಪೆಟ್ಟಿಗೆಯನ್ನು ಹೊತ್ತು ತಂದಳು. ಶೆಡ್ಡಿನ ಮೂಲೆಯಲ್ಲಿದ್ದ ಡಬ್ಬಾ ಟೀವಿಗೆ ಅದನ್ನು ಹಚ್ಚಿದರೆ ಚಿತ್ರ ನಡುಗುತ್ತಿತ್ತು, ಆದರೂ ನಡೆಯಿತು. ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಪಾಳಿ, ಇಂಗ್ಲಿಷನ್ನು ಅವಳು ಕನ್ನಡಕ್ಕೆ ಮಾಡಿ ಹೇಳುತ್ತಿದ್ದಳು.

ಸುಶ್ಮಿತಾ ಅಂದುಕೊಂಡದ್ದಕ್ಕಿಂತ ಬೇಗ ಅವರಿಗೆ ಆಟ ಒಲಿಯಿತು. ದಿನವಿಡೀ ಹೆಬ್ಬೆರಳಿನಿಂದ ತೊಟ್ಟು ಮುರಿಯುವವರಿಗೆ ಗುಂಡಿ ಒತ್ತುವುದು ಯಾವ ಲೆಕ್ಕ? ಒಂದೇ ನರಿಯನ್ನು ನೂರು ಸಲ ಕೊಂದರೆ ಮಾತ್ರ ಮುಂದಿನ ಗವಿ ತೆರೆಯುತ್ತದೆ ಎಂದಾಗ ಕಾಲೇಜಿನ ಹುಡುಗರು ಬೇಸರಪಡುತ್ತಾರೆ. ಇವರಿಗೆ ಅದು ವಿಶ್ರಾಂತಿಯಂತೆ ಕಂಡಿತು. ಗುತ್ತೆವ್ವ ನೀಲಿ ನರಿಗೆ ಹೆಸರಿಟ್ಟಳು. ದೌಲತಬಿ ಮೂರನೆಯ ಗವಿಯವರೆಗೂ ಹೋದಳು. ಕರೆಂಟು ಹೋದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಒಂಬತ್ತೂ ಜನ ವಿದ್ಯುತ್ ಕಚೇರಿಯ ವಂಶವನ್ನೇ ಜಾಲಾಡಿ, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು.

ಕರೆಂಟು ಹೋದರೆ ಏನೂ ಕಳೆದುಕೊಳ್ಳದವಳು ಹತ್ತನೆಯವಳಾದ ಮಂಗಳವ್ವ ಮಾತ್ರ. ಯಾಕೆಂದರೆ ಅವಳು ರಾಜನ ಮುಂದಿನಿಂದ ಕದಲಿಯೇ ಇರಲಿಲ್ಲ. ರಾಜ ಕೇಳುತ್ತಿದ್ದ, ಮಂಗಳವ್ವ ಒಲ್ಲೆ ಒತ್ತುತ್ತಿದ್ದಳು. ಇಷ್ಟು ಸಿಪಾಯಿಗಳನ್ನು ಸುಮ್ಮನೆ ನಿಲ್ಲಿಸಿಕೊಂಡವನು ಅವರನ್ನೇ ಕಳಿಸಲಿ ಎಂಬುದು ಅವಳ ಮೊದಲ ದಿನದ ತಕರಾರು. ಸುಶ್ಮಿತಾ ನಕ್ಕಳು. ಎರಡನೆಯ ವಾರ ನಗಲಿಲ್ಲ. ಒಬ್ಬ ವಕ್ತೃ ಕಥೆಯೊಳಗೇ ಹೋಗದಿದ್ದರೆ ಪಟ್ಟಿ ಒಂಬತ್ತಕ್ಕೆ ನಿಲ್ಲುತ್ತದೆ. ಹೂಂ ಅನ್ನಬಾರದೇ ಎಂದು ಸೋಮವಾರ ಕೇಳಿದಳು, ಬುಧವಾರ ಕೇಳಿದಳು, ಶುಕ್ರವಾರ ಎಲೆಯಡಿಕೆ ಕೊಟ್ಟು ಕೇಳಿದಳು. ತಾನು ಯಾರಂತೆ ಕೇಳುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಕಡೆಗೆ ಮಂಗಳವ್ವ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

“ಅಕ್ಕಾರ, ನನ್ನ ಲಗ್ನದಾಗ ನಮ್ಮಪ್ಪ ಮೂರು ಸಲ ಕೇಳಿದ, ಹೋಗ್ತಿಯೇನ ಅಂತ. ಮೂರು ಸಲಾನೂ ಒಲ್ಲೆ ಅಂದೆ. ನಾಕನೇ ಸಲ ಸಾಕಾಗಿ ಹೂಂ ಅಂದೆ. ಅಲ್ಲಿಗೆ ಮುಗೀತು. ಅವತ್ತಿಂದ ಇವತ್ತಿನ ತನಕ ಯಾರೂ ನನ್ನ ಏನೂ ಕೇಳಿಲ್ಲ. ಹೊಲಾ ಮಾರಿದ್ರು, ಕೇಳಲಿಲ್ಲ. ಮಗಳ್ನ ದೂರ ಕೊಟ್ರು, ಕೇಳಲಿಲ್ಲ. ಇವ ನೋಡ್ರಿ, ರಾಜಾ ಆಗಿ ದಿನಾ ನನ್ನ ಕೇಳಾಕತ್ತಾನ. ಹೂಂ ಅಂದ್ರ ಕೇಳೂದು ಬಿಡ್ತಾನ್ರಿ.”

ಸುತ್ತಲಿನ ಹೆಂಗಸರು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. ಸುಶ್ಮಿತಾ ಆ ಮಾತನ್ನು ಇದ್ದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ಐದನೆಯ ಅಧ್ಯಾಯಕ್ಕೆ ಎಂದು ಗುರುತು ಹಾಕಿದಳು. ಜಪಾನಿನವರಿಗೇ ಹೊಳೆಯದ್ದು ಬ್ಯಾಡಗಿಯಲ್ಲಿ ಸಿಕ್ಕಿತು ಎಂದು ಅವತ್ತು ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಒಬ್ಬಳೇ ಹಿಗ್ಗಿದಳು. ಸಂಶೋಧಕರಿಗೆ ಇದೊಂದು ಅನುಕೂಲ. ಕೇಳಿದ್ದೆಲ್ಲ ಅಧ್ಯಾಯಕ್ಕೆ ಹೋಗುತ್ತದೆ, ಅವರವರ ಬಾಳಿಗೆ ಬರುವುದಿಲ್ಲ.

ಮಾರ್ಚ್ ಕೊನೆಯ ವಾರ ಪ್ರಭುಲಿಂಗಪ್ಪನವರೇ ವಕ್ತೃಗಳನ್ನು ಕಣ್ಣಾರೆ ನೋಡಿ ಸಹಿ ಮಾಡಲು ಶೆಡ್ಡಿಗೆ ಬಂದರು. ಹೆಂಗಸರು ಅವರಿಗೆ ಚೀಲ ಹಾಸಿ ಕೂರಿಸಿದರು. ಗುತ್ತೆವ್ವ ನೀಲಿ ನರಿಯ ಕಥೆ ಹೇಳಿದಳು, ದೌಲತಬಿ ಮೂರನೆಯ ಗವಿಯದನ್ನು. ಮಂಗಳವ್ವ ಅವರ ಎದುರಿಗೇ ಹನ್ನೆರಡು ಸಲ ಒಲ್ಲೆ ಒತ್ತಿ ತೋರಿಸಿದಳು. ಸರ್ ಸಂತೋಷದಿಂದ ಕೇಳಿದರು, ಸೀನಿದರು, ಮತ್ತೆ ಕೇಳಿದರು. ಇದು ಖರೇ ಜಾನಪದ ಎಂದು ಅವರ ಬಾಯಿಂದ ಬರುತ್ತದೆ ಎಂದು ಸುಶ್ಮಿತಾ ಕಾದು ಕೂತಿದ್ದಳು.

ಅವರು ನೋಡುತ್ತಿದ್ದದ್ದು ಟೀವಿಯನ್ನಲ್ಲ, ಪಟ್ಟಿಯನ್ನು. ಹತ್ತು ಹೆಸರು, ಹತ್ತು ಫೋಟೊ, ಎಲ್ಲರೂ ಅರವತ್ತು ದಾಟಿದವರು, ಎಲ್ಲರ ಊರೂ ಬ್ಯಾಡಗಿ ತಾಲೂಕು. ಅವರ ಕಣ್ಣಿಗೆ ನಕಾಶೆ ಕಾಣುತ್ತಿತ್ತು.

“ಏನವಾ,” ಎಂದರು ಮೆಲ್ಲಗೆ. “ವಕ್ತೃಗಳು ಹೆಂಗೂ ಅದಾರ. ಬೀಸುಕಲ್ಲಿನ ಪದಾ ಅಂತ ಹೆಸರು ಬದ್ಲಿ ಮಾಡಿದ್ರ ನಾಳೆ ಸಮಿತಿಯೊಳಗ ನಾನ ಪಾಸ್ ಮಾಡಸ್ತೇನಿ. ಆಟದ್ದು ಅಂದ್ರ ಅವ್ರು ಒಪ್ಪಾಂಗಿಲ್ಲ, ನಾ ಏನ್ ಮಾಡ್ಲಿ? ಮಾಡ್ತಿಯೇನು? ಬಲವಂತೇನಿಲ್ಲ ಮತ್ತ.”

ನಾಲ್ಕು ವರ್ಷದಲ್ಲಿ ಇದು ಎಷ್ಟನೆಯ ಸಲ ಎಂದು ಸುಶ್ಮಿತಾಳಿಗೆ ಲೆಕ್ಕ ತಪ್ಪಿತ್ತು. ನಾಲ್ಕೇ ದಿನ ಉಳಿದಿದ್ದವು. ಬಸ್ಸಿನ ಓಡಾಟಕ್ಕೆ ಬೆನ್ನು ಸೋತಿತ್ತು. ವಯಸ್ಸು ಮೂವತ್ತಮೂರಾಗಿತ್ತು. ಮೆಣಸಿನಕಾಯಿಯ ಘಾಟಿಗೆ ತಲೆ ಧಿಮ್ಮೆನ್ನುತ್ತಿತ್ತು. ಐದನೆಯ ಅಧ್ಯಾಯ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು.

“ಹೂಂರಿ ಸರ,” ಎಂದಳು.

ಸರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅರ್ಜಿ ಅವರ ಚೀಲದಲ್ಲಿಯೇ ಇತ್ತು, ಹೊಸ ವಿಷಯದ ಹೆಸರು ಮೊದಲೇ ತುಂಬಿತ್ತು.

ಆಮೇಲೆ ಎಲ್ಲವೂ ಇಳಿಜಾರಿನ ಬಂಡಿಯಂತೆ ಸಾಗಿತು. ವಿಶ್ವವಿದ್ಯಾಲಯ ಆರು ತಿಂಗಳ ಗಡುವು ಕೊಟ್ಟಿತು. ಅಧ್ಯಾಯಗಳ ಸಾಲನ್ನು ಸರ್ ಹಾಕಿದರು, ಪರೀಕ್ಷಕರನ್ನು ಆರಿಸಿದರು, ಮುಖಪುಟಕ್ಕೆ ಬೀಸುಕಲ್ಲಿನ ಚಿತ್ರ ಕೊಟ್ಟರು. ಅವಳನ್ನು ಕೇಳುವ ಸಂದರ್ಭ ಬರಲಿಲ್ಲ. ಪದಗಳು ಗುತ್ತೆವ್ವನಿಗೆ ಎರಡು ನೆನಪಿದ್ದವು. ಉಳಿದವು ಸವಣೂರು ತಾಲೂಕಿನ ಪ್ರಬಂಧದಿಂದ ಬಂದು ಬ್ಯಾಡಗಿಯಲ್ಲಿ ನೆಲೆಸಿದವು. ಪಟ್ಟಿಯಲ್ಲಿ ಮಂಗಳವ್ವನ ಹೆಸರಿನ ಮುಂದೆ ‘ಹಾಡಿದ ಪದಗಳು: ಹದಿನಾಲ್ಕು’ ಎಂದು ಅಚ್ಚಾಯಿತು. ಅವಳು ಹಾಡಿದ್ದನ್ನು ಕೇಳಿದವರು ಊರಲ್ಲೇ ಯಾರೂ ಇಲ್ಲ.

ಮೌಖಿಕ ಪರೀಕ್ಷೆಗೆ ಸುಶ್ಮಿತಾ ಮೂರು ರಾತ್ರಿ ನಿದ್ದೆಗೆಟ್ಟು ಓದಿಕೊಂಡು ಹೋಗಿದ್ದಳು. ಬಂದಿದ್ದ ಇಬ್ಬರು ಪರೀಕ್ಷಕರಲ್ಲಿ ಒಬ್ಬರು ಜಾನಪದದ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಇನ್ನೊಬ್ಬರು, ಎಲ್ಲವನ್ನೂ ಅವರೇ ಹೇಳಿಬಿಟ್ಟಿದ್ದಾರೆ ಎಂದರು. ಅಷ್ಟರಲ್ಲಿ ಊಟದ ಹೊತ್ತಾಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅವಳನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಜೆ ಸರ್ ನಕಾಶೆಯಲ್ಲಿ ಬ್ಯಾಡಗಿಗೆ ಕೆಂಪು ತುಂಬಿ ಅದರ ಫೋಟೊ ಕಳಿಸಿದರು. ಮಸಿ ಸ್ವಲ್ಪ ರಾಣೆಬೆನ್ನೂರಿನ ಕಡೆಗೂ ಹರಿದಿತ್ತು.

ಮರುದಿನ ಅವಳು ಅರ್ಧ ಕೆ.ಜಿ. ಧಾರವಾಡ ಪೇಢೆ ಕಟ್ಟಿಸಿಕೊಂಡು ಶೆಡ್ಡಿಗೆ ಹೋದಳು. ಊಟದ ಬಿಡುವು. ಹೆಂಗಸರು ಅಕ್ಕಾರು ಡಾಕ್ಟರಾದರೆಂದು ಖುಷಿಪಟ್ಟರು, ದೌಲತಬಿ ದೃಷ್ಟಿ ತೆಗೆದಳು. ಮಂಗಳವ್ವ ಟೀವಿಯ ಮುಂದೆಯೇ ಕೂತು ಪೇಢೆ ಬಾಯಿಗೆ ಹಾಕಿಕೊಂಡಳು.

“ದೊಡ್ಡವ್ರು ಭಾಳ ಕೇಳಿದ್ರೇನ್ರಿ?”

“ಏನೂ ಕೇಳಲಿಲ್ಲ, ಅಜ್ಜಿ.”

ಮಂಗಳವ್ವ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. “ಹೂಂ ಅಂದ್ಬಿಟ್ರೇನ್ರಿ?”

“ಅಂದೆ.”

ಮುದುಕಿ ಚೀಲದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, ರಿಮೋಟನ್ನು ಅವಳ ಕೈಗೆ ಕೊಟ್ಟಳು. ಸುಶ್ಮಿತಾ ಕೂತಳು. ಅವಳಿಗೆ ಅಳು ಬಂತು. ರಿಮೋಟಿಗೆ ಖಾರ ಹತ್ತಿದೆ, ಕಣ್ಣು ಮುಟ್ಟಿಕೊಳ್ಳಬೇಡಿ ಎಂದು ಗುತ್ತೆವ್ವ ರಾಶಿಯ ಆಚೆಯಿಂದ ಎಚ್ಚರಿಸಿದಳು. ಸುಶ್ಮಿತಾ ಕಣ್ಣು ಮುಟ್ಟಿಕೊಂಡಿರಲಿಲ್ಲ.

ನಡುಗುವ ಪರದೆಯ ಮೇಲೆ ಗಡ್ಡದ ರಾಜ, ಹೋಗುತ್ತೀಯಾ ಎಂದು ಕೇಳಿದ. ಅವಳು ಒಲ್ಲೆ ಒತ್ತಿದಳು.

ರಾಜ ಮತ್ತೆ ಕೇಳಿದ.