ಹಗೇವಿಗಿಳಿದ ಲಾಟೀನು

ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಿದ್ದು ಐದು ನಿಮಿಷ. ಅಂಗಳದ ಕಲ್ಲುಚಪ್ಪಡಿಯನ್ನು ನೋಡಿದ್ದು ಅರ್ಧ ಗಂಟೆ. ಶಾಂತಕುಮಾರಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು, ಇಟ್ಟಳು, ಹೋದಳು. ಚಪ್ಪಡಿ ಎಲ್ಲಿಗೂ ಹೋಗುವಂತಿರಲಿಲ್ಲ. ವರನ ತಂದೆ ಬಸವರಾಜಪ್ಪನವರು ಅದರ ಸುತ್ತ ಮೂರು ಸಲ ತಿರುಗಿ, ಕೊಡೆಯ ತುದಿಯಿಂದ ಕುಟ್ಟಿ, ಕಿವಿಗೊಟ್ಟು ಕೇಳಿದರು.

"ಎಷ್ಟೈತೆ ಒಳಗೆ?"

"ಅದೇನಪ್ಪಾ ಅಂದ್ರೆ..." ಮನೆಯ ಯಜಮಾನ ಶಂಭುಲಿಂಗಯ್ಯನವರ ಮಾತು ಶುರುವಾಗುವುದೇ ಹಾಗೆ. ಮೊದಲು ಅದೇನಪ್ಪಾ, ಆಮೇಲೊಂದು ಕೆಮ್ಮು, ಆಮೇಲೆ ವಿಷಯ. "ನಲವತ್ತು ಪಲ್ಲ ರಾಗಿ. ಹನ್ನೆರಡು ವರ್ಷದಿಂದ ಬಾಯಿ ಬಿಟ್ಟಿಲ್ಲ."

"ಹಗೇವಾ, ನೀವಾ?" ಬಸವರಾಜಪ್ಪನವರು ನಕ್ಕರು. "ಮುಚ್ಚಿದ ಬಾಯಿ ಎಲ್ಲಾರ್ದೂ ತುಂಬ್ದಂಗೇ ಕಾಣ್ತದೆ ಕಣ್ರೀ. ತೆಗೆದು ತೋರ್ಸಿ. ಬರೋ ಸೋಮವಾರ ಬತ್ತೀವಿ. ರಾಗಿ ಕಂಡ್ರೆ ಅವತ್ತೇ ವೀಳ್ಯ."

ಎಪ್ಪತ್ತೆಂಟನೇ ಇಸವಿಯ ಮಾತು. ತಿಪಟೂರಿನ ಸಂತೆಗೆ ಗಾಡಿಗಟ್ಟಲೆ ಕೊಬ್ಬರಿ ಕಳಿಸುವ ಮನೆ ಅದು. ಕೊಬ್ಬರಿಯಿಂದ ದುಡ್ಡು ಬರುತ್ತಿತ್ತು, ಮರ್ಯಾದೆ ಮಾತ್ರ ರಾಗಿಯಿಂದಲೇ ಬರಬೇಕಿತ್ತು. ಅದೂ ತಿನ್ನುವ ರಾಗಿಯಿಂದಲ್ಲ, ತಿನ್ನದೆ ನೆಲದೊಳಗೆ ಹೂತಿಟ್ಟ ರಾಗಿಯಿಂದ. ಹಿಂದೆರಡು ವರ್ಷ ಮಳೆ ಕೈಕೊಟ್ಟು ಊರವರು ಬಾಗಿಲಿಗೆ ಬಂದು ನಿಂತಾಗಲೂ ಆ ಚಪ್ಪಡಿ ಅಲುಗಿರಲಿಲ್ಲ. ಹೆಣ್ಣಿಗೊಂದು ಗಂಡು ಗೊತ್ತಾಗುವ ಹೊತ್ತಿಗೆ ಅಲುಗುವುದಕ್ಕೆ ಒಪ್ಪಿತು.

ಹಗೇವು ನೋಡದವರಿಗೆ ಒಂದು ಮಾತು. ನೆಲದಲ್ಲಿ ತೋಡಿದ ದೊಡ್ಡ ಗಡಿಗೆ ಎಂದುಕೊಳ್ಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಕತ್ತು ಎರಡಾಳುದ್ದ, ಅದರ ಕೆಳಗೆ ಹೊಟ್ಟೆ. ಹೊಟ್ಟೆಗೆ ರಾಗಿ ತುಂಬಿ, ಮೇಲೆ ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿ ಇಟ್ಟು, ಸಗಣಿ ಮಣ್ಣು ಮೆತ್ತಿಬಿಟ್ಟರೆ ಹತ್ತು ಹದಿನೈದು ವರ್ಷ ಒಂದು ಹುಳುವೂ ಬೀಳುವುದಿಲ್ಲ. ಏಕೆಂದರೆ ಅಲ್ಲಿ ಹುಳು ಬದುಕುವುದಿಲ್ಲ. ಹುಳು ಬದುಕದ ಜಾಗದಲ್ಲಿ ಮನುಷ್ಯ ಬದುಕುತ್ತಾನೆಯೇ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಇಳಿಯುವವರು ಈ ಮನೆಯವರಾಗಿರಲಿಲ್ಲ.

ಬೇರೆ ಊರುಗಳಲ್ಲಿ ಬಾಯಿ ತೆಗೆದು ಒಂದು ದಿನ ಹಾಗೇ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯರು ಇಳಿಯುತ್ತಾರೆ. ಶಂಭುಲಿಂಗಯ್ಯನವರ ಮನೆಯ ಕಟ್ಟಳೆ ಬೇರೆ. ಬಾಯಿ ತೆರೆದಿಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ಆದ್ದರಿಂದ ಚಪ್ಪಡಿ ಸರಿಸಿದ ಕೂಡಲೇ ಕರ್ಪೂರ ಹಚ್ಚಬೇಕು. ಅದು ಉರಿದು ಮುಗಿಯುವುದರೊಳಗೆ ತಲೆಮಾರುಗಳಿಂದ ಇಳಿಯುತ್ತ ಬಂದ ಗೊಲ್ಲರಹಟ್ಟಿಯ ಒಂದು ಮನೆಯ ಗಂಡಸು, ಹಿಂದಿನ ದಿನದಿಂದ ಉಪವಾಸವಿದ್ದವನು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು, ಹುಲ್ಲು ಸರಿಸಿ, ಮೊದಲ ಮೊರ ರಾಗಿಯನ್ನು ಮೇಲಕ್ಕೆ ಕೊಡಬೇಕು. ಹನ್ನೆರಡು ವರ್ಷದ ಹಿಂದೆ ಹಾಗೆ ಇಳಿದವನು ಗೊಲ್ಲರಪ್ಪ. ಮೊರ ಮೇಲೆ ಬರಲಿಲ್ಲ, ಗೊಲ್ಲರಪ್ಪ ಬಂದ. ಹಗ್ಗ ಜಗ್ಗಿ ಎಳೆದಾಗ ಅವನಲ್ಲಿ ಉಸಿರಿರಲಿಲ್ಲ.

ಯಜಮಾನರ ಮನೆಯವರು ಅವನ ಹೆಂಡತಿ ಕಾಟಮ್ಮನಿಗೆ ಹತ್ತು ಸೇರು ರಾಗಿ, ಒಂದು ಸೀರೆ ಕೊಟ್ಟರು. ಊರಿಗೊಂದು ಕಾರಣವನ್ನೂ ಕೊಟ್ಟರು: ಗೊಲ್ಲರಪ್ಪ ಮಾಂಸ ತಿಂದು ಇಳಿದಿದ್ದ, ಲಕ್ಷ್ಮಿ ಸಹಿಸಲಿಲ್ಲ. ಆಮೇಲೆ ಹೊಸ ರಾಗಿ ತುಂಬಿ ಚಪ್ಪಡಿ ಮುಚ್ಚಿದರು. ಈಗ ಇಳಿಯಬೇಕಾದವನು ಗೊಲ್ಲರಪ್ಪನ ಮಗ ಚಿತ್ತಯ್ಯ. ಇಪ್ಪತ್ತೆರಡು ವರ್ಷದವನು, ಶಂಭುಲಿಂಗಯ್ಯನವರ ತೋಟದಲ್ಲೇ ಕಾಯಿ ಸುಲಿಯುವ ಕೆಲಸ.

ಯಜಮಾನರ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿದ್ದ ಸರ್ವಮಂಗಳೆಗೆ ಈ ಕಟ್ಟಳೆ ತಿಳಿದದ್ದು ಅಡುಗೆಮನೆಯಲ್ಲಿ, ಅತ್ತೆ ಗುರುಸಿದ್ದಮ್ಮನವರು ಮುದ್ದೆ ತಿರುವುತ್ತಿದ್ದಾಗ. ತಿಪಟೂರಿನ ಕಾಲೇಜಿನಲ್ಲಿ ಎರಡು ವರ್ಷ ಸೈನ್ಸ್ ಓದಿದ ಹುಡುಗಿ.

"ಅತ್ತೆ, ಬಾಯಿ ತೆಗೆದು ಒಂದಿನ ಬಿಟ್ಟು ಇಳಿಸ್ಬೋದಲ್ವಾ? ರಾಗಿಗೂ ಉಸಿರಿರುತ್ತೆ. ಒಳಗಿರೋ ಒಳ್ಳೆ ಗಾಳಿನೆಲ್ಲ ಅದೇ ಮುಗಿಸಿಬಿಟ್ಟಿರುತ್ತೆ. ಕೆಟ್ಟ ಗಾಳಿ ಭಾರ, ತಳದಲ್ಲೇ ಕೂತಿರುತ್ತೆ. ಇಳಿದೋರು ಎರಡು ಉಸಿರು ಎಳೆಯೋದ್ರೊಳಗೆ ಬಿದ್ದುಹೋಗ್ತಾರೆ."

ಗುರುಸಿದ್ದಮ್ಮನವರು ಮಗಳ ಕಡೆ ತಿರುಗಿದರು. ಸೊಸೆಯ ಮಾತಿಗೆ ಸೊಸೆಗೆ ಉತ್ತರ ಕೊಡುವ ಪದ್ಧತಿ ಅವರಲ್ಲಿಲ್ಲ.

"ಕೇಳ್ದೇನೇ ಶಾಂತ? ರಾಗಿ ಉಸಿರಾಡ್ತದಂತೆ! ನಾಳೆ ಕೆಮ್ತದೆ, ನಾಡಿದ್ದು ನೆಗಡಿ ಬತ್ತದೆ. ಡಾಕ್ಟ್ರನ್ನ ಕರ್ಸಾನಾ?"

"ಒಂದು ಲಾಟೀನು ಇಳಿಸಿ ನೋಡಿ ಅತ್ತೆ. ಉರೀತಿದ್ರೆ ಇಳೀಬೋದು, ಆರಿದ್ರೆ ಇಳೀಬಾರ್ದು. ಅಷ್ಟೆ."

ಮುದ್ದೆ ಕೋಲು ನಿಂತಿತು. "ಲಕ್ಷ್ಮಿ ಮುಂದೆ ದೀಪ ಆರಿಸ್ತೀಯಾ? ಈ ಮನೆ ದೀಪ ಆರ್ಲಿ ಅಂತ ಹರಕೆ ಹೊತ್ಕೊಂಡು ಬಂದಿದ್ದೀಯೇನೇ?"

ಓದುಗರು ಗಮನಿಸಬೇಕು. ಆರದ ದೀಪಕ್ಕೆ ಯಾರೂ ಹೆದರುವುದಿಲ್ಲ. ಇಳಿಸಿದ ದೀಪ ಆರುತ್ತದೆ ಎಂಬುದು ಗುರುಸಿದ್ದಮ್ಮನವರಿಗೆ ಗೊತ್ತಿತ್ತು. ಅವರ ಅತ್ತೆಗೂ ಗೊತ್ತಿದ್ದಿರಬೇಕು. ದೀಪ ಆರುವುದು ಅಪಶಕುನವಾದ್ದರಿಂದ ಆ ಮನೆಯವರು ದೀಪ ಇಳಿಸುವುದನ್ನು ಬಿಟ್ಟಿದ್ದರು, ಮನುಷ್ಯರನ್ನು ಇಳಿಸುವುದನ್ನು ಬಿಟ್ಟಿರಲಿಲ್ಲ.

ಸರ್ವಮಂಗಳೆ ಮಾವನನ್ನೂ ಕೇಳಿದಳು. ಅವರು ಜಗಲಿಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

"ಅದೇನಪ್ಪಾ ಅಂದ್ರೆ... ನಮ್ಮಜ್ಜ ಇಳಿಸ್ದ, ನಮ್ಮಪ್ಪ ಇಳಿಸ್ದ, ನಾನೂ ಇಳಿಸ್ದೆ. ಈಗ ನೀನು ಬಂದು ಪಾಠ ಹೇಳ್ತೀಯಾ?"

"ಇಳಿಸಿದ್ರಿ ಮಾವ. ಇಳಿದ್ರಾ?"

ಈ ಸಲ ಅದೇನಪ್ಪಾ ಬರಲಿಲ್ಲ, ಬರೀ ಕೆಮ್ಮು ಬಂತು. ಅವತ್ತಿನಿಂದ ಅವರು ಸೊಸೆಯ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಅತ್ತೆ ಅವಳ ಊಟದ ತಟ್ಟೆಯನ್ನು ಹಿತ್ತಲಿನ ಕಟ್ಟೆಗೆ ಸರಿಸಿದರು. ಗಂಡ ಮಲ್ಲಿಕಾರ್ಜುನಯ್ಯ ಇಬ್ಬರನ್ನೂ ಸಮಾಧಾನ ಮಾಡಿದ. ಹೇಗೆಂದರೆ ಹೆಂಡತಿಗೆ "ಹೌದು ಕಣೇ" ಎಂದ, ಅಪ್ಪನಿಗೆ "ಹೌದಪ್ಪ" ಎಂದ, ಆಮೇಲೆ ತೋಟಕ್ಕೆ ಹೊರಟುಹೋದ.

ಹಟ್ಟಿಗೆ ಹೋಗಿ ಕಾಟಮ್ಮನಿಗೆ ವಿಷಯ ಹೇಳಿದವಳು ಸರ್ವಮಂಗಳೆಯೇ. ಕುರಿರೊಪ್ಪದ ಮುಂದೆ ನಿಂತು ಕಾಟಮ್ಮ ಎಲ್ಲವನ್ನೂ ಕೇಳಿದಳು. ಆರಿದ ದೀಪ, ಭಾರದ ಗಾಳಿ, ಎರಡು ಉಸಿರು. ಕಡೆಗೆ ಒಂದೇ ಪ್ರಶ್ನೆ ಕೇಳಿದಳು: "ಇದು ಆಗ್ಲೂ ಹಂಗೇ ಇತ್ತಾ ಕಣವ್ವ? ನನ್ ಗಂಡ ಇಳಿದಾಗ್ಲೂ?"

ಸರ್ವಮಂಗಳೆ ಹೌದೆಂದು ತಲೆಯಾಡಿಸಿದಳು. ಕಾಟಮ್ಮ ಕುರಿಮರಿಯ ಬೆನ್ನು ಸವರಿ, ಅದನ್ನೆತ್ತಿ ರೊಪ್ಪದೊಳಗೆ ಬಿಟ್ಟಳು.

ಸೋಮವಾರ ಬಂತು. ಬಸವರಾಜಪ್ಪನವರು ಎಂಟು ಜನರೊಂದಿಗೆ ಬಸ್ಸಿಳಿದರು. ಊರಿನ ಅರ್ಧ ಜನ ಅಂಗಳದಲ್ಲಿ. ಚಿತ್ತಯ್ಯ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಹಸಿದ ಹೊಟ್ಟೆಯಲ್ಲಿ ನಿಂತಿದ್ದ. ಶಂಭುಲಿಂಗಯ್ಯನವರೇ ಕೊಟ್ಟಿಗೆಯ ಮೊಳೆಯಿಂದ ಹಗ್ಗ ಇಳಿಸಿ ತಂದು ಅವನ ಸೊಂಟಕ್ಕೆ ಬಿಗಿದರು. ಸುತ್ತಿಗೆಯಿಂದ ಮಣ್ಣಿನ ಮೆತ್ತೆ ಒಡೆದು, ನಾಲ್ವರು ಹಾರೆ ಹಾಕಿ ಚಪ್ಪಡಿ ಸರಿಸಿದರು. ಒಳಗಿನಿಂದ ಹುದುಗಿದ ಹುಲ್ಲಿನಂಥ ಹುಳಿವಾಸನೆ ಬಂತು. ಗುರುಸಿದ್ದಮ್ಮನವರು ಕರ್ಪೂರ ಹಚ್ಚಿದರು.

"ಇಳೀಲಾ ಚಿತ್ತ. ಹೊತ್ತಾಯ್ತದೆ."

"ಒಂದು ನಿಮಿಷ," ಎಂದು ಸರ್ವಮಂಗಳೆ ಬಾಗಿಲಿನಿಂದ ಇಳಿದು ಬಂದಳು. ಕೈಯಲ್ಲಿ ಹಚ್ಚಿದ ಲಾಟೀನು, ಅದರ ಹಿಡಿಗೆ ಬಾವಿಯ ಸೇದುವ ಹಗ್ಗ. ಹಗಲು ಬೆಳಕಿನಲ್ಲಿ ಉರಿಯುವ ಲಾಟೀನು ಕಂಡು ಯಾರೋ ಕಿಸಕ್ಕೆಂದರು.

"ಸರ್ವಮಂಗಳ, ಒಳಗೋಗು," ಎಂದ ಗಂಡ.

ಅವಳು ಹೋಗಲಿಲ್ಲ. ಯಾರೂ ಕೈ ಹಿಡಿಯುವುದರೊಳಗೆ ಲಾಟೀನು ಹಗೇವಿನ ಕತ್ತಿನೊಳಗೆ ಇಳಿಯಿತು. ಒಂದಾಳುದ್ದದವರೆಗೆ ಗೋಡೆ ಹಳದಿಯಾಗಿ ಬೆಳಗಿತು. ಆಮೇಲೆ ಜ್ವಾಲೆ ಮಂಕಾಯಿತು, ಸಣ್ಣಗಾಯಿತು, ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಹೋಯಿತು.

"ಅಯ್ಯೋ, ಆರಿಸ್ಬುಟ್ಲು! ಮನೆ ದೀಪ ಆರಿಸ್ಬುಟ್ಲು!" ಗುರುಸಿದ್ದಮ್ಮನವರು ಎದೆ ಬಡಿದುಕೊಂಡರು.

"ಗಾಳಿಗೆ ಆರಿರ್ತದೆ ಬುಡಿ," ಎಂದರು ಬಸವರಾಜಪ್ಪ.

"ಗಾಜು ಮುಚ್ಚಿದ ಲಾಟೀನು ಕಣ್ರೀ. ಪಾತಾಳದಲ್ಲಿ ಬೀಸೋ ಗಾಳಿ ಎಲ್ಲಿಂದ ಬರುತ್ತೆ?" ಸರ್ವಮಂಗಳೆ ಲಾಟೀನು ಎಳೆದು, ಕಡ್ಡಿ ಗೀರಿ, ಮತ್ತೆ ಹಚ್ಚಿ, ಮತ್ತೆ ಇಳಿಸಿದಳು. ಅದೇ ಜಾಗ. ಅಲ್ಲೇ ಆರಿತು. ಈಗ ಯಾರೂ ನಗಲಿಲ್ಲ.

ಅಷ್ಟರಲ್ಲಿ ಕರ್ಪೂರವೂ ಮುಗಿಯುತ್ತಿತ್ತು. ಶಂಭುಲಿಂಗಯ್ಯನವರ ಮುಖ ಕೆಂಪೇರಿತು. ಬೀಗರಾಗುವವರ ಮುಂದೆ ಸೊಸೆ ಆಡಿದ ಆಟ! "ಅದೇನಪ್ಪಾ ಅಂದ್ರೆ, ಅವಳ ಕೈ ಗುಣ ಸರಿಯಿಲ್ಲ, ದೀಪ ಆರ್ತು. ನಿಂಗೇನ್ಲಾ? ಇಳಿ. ನಿಮ್ಮಪ್ಪನಂಗೆ ಏನಾದ್ರೂ ತಿಂದ್ಕೊಂಡು ಬಂದಿದ್ದೀಯಾ?"

"ಏನ್ ತಿಂದಿದ್ದ ಬುದ್ಧಿ, ಅವ್ನಪ್ಪ?"

ಗುಂಪು ದಾರಿ ಬಿಟ್ಟುಕೊಟ್ಟಿತು. ಕಾಟಮ್ಮ ಮುಂದೆ ಬಂದು ಮಗನ ಪಕ್ಕ ನಿಂತಳು.

"ಹನ್ನೆರಡು ವರ್ಷ ಕೇಳಿದ್ದೀನಿ, ಮಾಂಸ ತಿಂದಿದ್ದ, ಮಾಂಸ ತಿಂದಿದ್ದ ಅಂತ. ಹಿಂದಿನ ದಿನದಿಂದ ಒಂದು ಚೊಂಬು ನೀರು ಬುಟ್ರೆ ಬ್ಯಾರೆ ಮುಟ್ಟಿರ್ಲಿಲ್ಲ. ನಿಮ್ಮನೆ ಕಟ್ಟಳೆ. ಮ್ಯಾಲಕ್ಕೆ ಎಳೆದಾಗ ಹೊಟ್ಟೆ ಬೆನ್ನಿಗಂಟಿತ್ತು, ನಾನೇ ಸವರಿ ನೋಡಿದ್ದೀನಿ. ಹಸ್ಕೊಂಡು ಸತ್ತೋನ್ಗೆ ಉಂಡೋನು ಅಂತ ಹೆಸರು ಕಟ್ಟಿದ್ರಲ್ಲ ಅಮ್ಮಾವ್ರೆ!"

ಗುರುಸಿದ್ದಮ್ಮನವರು ಸೆರಗು ಸರಿಮಾಡಿಕೊಂಡರು. ಶಂಭುಲಿಂಗಯ್ಯನವರು ಮಾತ್ರ ಬಿಡಲಿಲ್ಲ. "ಹೆಂಗಸ್ರಿಗೇನು ಮಾತು ಇಲ್ಲಿ? ವಂಶದ ಕೆಲ್ಸ ಅದು. ಇಳೀಲಾ!"

"ಇಳೀತಾನೆ ಬುದ್ಧಿ. ಮೊದ್ಲು ನಿಮ್ಮನೇರು ಒಬ್ರು ಇಳೀಲಿ. ನಿಮ್ಮ ಲಕ್ಷ್ಮಿ ತಾನೇ? ನಿಮ್ನ ಏನ್ ಮಾಡ್ತಾಳೆ? ನೀವ್ ಇಳಿದು ಒಂದ್ಸಲ ಕೂಗಿ. ನನ್ ಮಗ ಹಿಂದೇನೇ ಬತ್ತಾನೆ."

ಅಂಗಳದಲ್ಲಿ ಐವತ್ತು ಜನ. ಶಂಭುಲಿಂಗಯ್ಯನವರು ಮಗನನ್ನು ನೋಡಿದರು. ಮಗ ತೆಂಗಿನ ಗರಿ ನೋಡಿದ. ಬಸವರಾಜಪ್ಪನವರಿಗೆ ಥಟ್ಟನೆ ತುರುವೇಕೆರೆ ಬಸ್ಸಿನ ನೆನಪಾಯಿತು. ಅದು ಹೊರಡುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಲಕ್ಷ್ಮಿಯನ್ನು ಅಷ್ಟೊಂದು ನಂಬಿದ್ದ ಅಂಗಳದಲ್ಲಿ ಅವಳ ಮನೆಗೆ ಹೋಗಿಬರಲು ಒಬ್ಬನೇ ಒಬ್ಬ ಭಕ್ತ ಸಿಗಲಿಲ್ಲ. ಕರ್ಪೂರ ಕೊನೆಯ ಸಲ ಮಿನುಗಿ ಕಪ್ಪಾಯಿತು.

ಚಿತ್ತಯ್ಯ ಸೊಂಟದ ಗಂಟು ಬಿಚ್ಚಿದ.

"ಬಿಚ್ಚಿದ್ರೆ ನಾಳೆಯಿಂದ ನನ್ ತೋಟದಾಗೆ ಕಾಯಿ ಸುಲಿಯಾಕೆ ಬರ್ಬ್ಯಾಡ!"

"ಬರಾಕಿಲ್ಲ ಬುದ್ಧಿ. ಸುಲಿಸ್ಕೊಂಡಿದ್ದು ಸಾಕು."

ಕೆಳಗೆ ಬಿದ್ದ ಹಗ್ಗವನ್ನು ಕಾಟಮ್ಮ ಎತ್ತಿ, ಅದರ ತುದಿಯನ್ನು ಅಂಗೈಯಲ್ಲಿಟ್ಟು ತಿರುವಿ ನೋಡಿದಳು. ಹನ್ನೆರಡು ವರ್ಷದ ಹಿಂದಿನ ಅದೇ ಹಗ್ಗ. ಹಳೆಯ ಗಂಟಿನ ಗುರುತು.

"ಹಗ್ಗ ಅಲ್ಲಿಡು. ಅದು ನಮ್ಮನೇದು," ಎಂದರು ಗುರುಸಿದ್ದಮ್ಮ.

"ಹಗ್ಗ ನಿಮ್ದೇ ಅಮ್ಮಾವ್ರೆ. ಅದ್ರ ತುದೀಲಿ ಇದ್ದೋನು ನಮ್ಮೋನು."

ಹಗ್ಗವನ್ನು ಹಗೇವಿನ ಬಾಯಿಗೆ ಅಡ್ಡಲಾಗಿಟ್ಟು ಮಗನ ಕೈಹಿಡಿದು ನಡೆದುಬಿಟ್ಟಳು. ವೀಳ್ಯದೆಲೆ ತಟ್ಟೆಯಲ್ಲೇ ಬಾಡಿತು. ಶಾಂತಕುಮಾರಿ ಅತ್ತಳೇ ಎಂದು ಕೇಳಿದರೆ, ಇಲ್ಲ. ತನ್ನನ್ನು ಐದು ನಿಮಿಷ ನೋಡಿದ ಮನೆಗೆ ಅವಳು ಕಣ್ಣೀರನ್ನೂ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಕಾಗಿರಲಿಲ್ಲ.

ಬಿಟ್ಟ ಬಾಯಿ ಬಿಟ್ಟಂತೆಯೇ ಇತ್ತು. ಮುಚ್ಚುವುದಕ್ಕೂ ಯಾರೂ ಹತ್ತಿರ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಸರ್ವಮಂಗಳೆ ಹೊಂಗೆಯ ದೊಡ್ಡ ಕೊಂಬೆಯೊಂದಕ್ಕೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿ ಕದಡತೊಡಗಿದಳು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಮಲ್ಲಿಕಾರ್ಜುನಯ್ಯ ಬಂದು ಹಗ್ಗ ಇಸಿದುಕೊಂಡ. ಮಧ್ಯಾಹ್ನ ಲಾಟೀನು ಇಳಿಸಿದರು. ರಾಗಿಗೆ ಹೊದಿಸಿದ ಹುಲ್ಲಿನ ಮೇಲೆ ಕುಳಿತು ಅದು ಬಹಳ ಹೊತ್ತು ಸುಮ್ಮನೆ ಉರಿಯಿತು.

"ಹಗ್ಗ ಹಿಡ್ಕೊ," ಎಂದ ಗಂಡ. "ಬಿಗಿಯಾಗಿ."

ಆ ಮನೆಯವನೊಬ್ಬ ಆ ಹಗೇವಿಗೆ ಇಳಿದದ್ದು ಅದೇ ಮೊದಲು. ಶಂಭುಲಿಂಗಯ್ಯನವರು ಜಗಲಿಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದರು. ಒಳಗಿನಿಂದ ಮಗನ ಕೂಗು ಕೇಳಿದಾಗಲೆಲ್ಲ ಅವರ ಬೆನ್ನು ಸ್ವಲ್ಪ ಸೆಟೆಯುತ್ತಿತ್ತು.

ದೇವರ ಮನೆಗೆ ಹೋಗಬೇಕಾಗಿದ್ದ ಮೊದಲ ಮೊರವನ್ನು ಸರ್ವಮಂಗಳೆ ಸಂಜೆ ಹಟ್ಟಿಗೆ ಒಯ್ದಳು. ಒಂದು ಕಂಕುಳಲ್ಲಿ ಮೊರ, ಇನ್ನೊಂದು ಕೈಯಲ್ಲಿ ಲಾಟೀನು. ಕಾಟಮ್ಮ ಮೊರದ ಕಡೆ ನೋಡಲೂ ಇಲ್ಲ.

"ಹತ್ತು ಸೇರು ಆಗ್ಲೇ ಕೊಟ್ಟವ್ರೆ ಕಣವ್ವ. ಅದೇ ಇನ್ನೂ ಅರಗಿಲ್ಲ. ತಗೊಂಡೋಗು." ಆಮೇಲೆ ಲಾಟೀನಿಗೆ ಕೈಚಾಚಿದಳು. "ಇದನ್ನ ಕೊಡು. ನಾಡಿದ್ದು ದಬ್ಬೇಘಟ್ಟದ ಕಡೆ ಯಾರೋ ಹಗೇವು ತೆಗೀತಾರಂತೆ. ಚಿತ್ತನ್ನ ಕರ್ದವ್ರೆ."

"ಹೋಗ್ತಾನಾ?"

"ಇದು ಇಳಿದು ಉರಿದ್ರೆ ಇಳೀತಾನೆ. ಆರಿದ್ರೆ ಯಾವ ಯಜಮಾನ ಕರೆದ್ರೂ ಇಳಿಯಾಕಿಲ್ಲ. ಹಂಗಂತ ಹೇಳಿ ಕಳ್ಸಿದ್ದೀನಿ."

ಕಾಟಮ್ಮ ಲಾಟೀನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಣ್ಣೆ ತಳದಲ್ಲಿ ಸ್ವಲ್ಪವೇ ಕುಲುಕಿತು. ಅದನ್ನು ಸರ್ವಮಂಗಳೆಯ ಕೈಗೇ ವಾಪಸು ಕೊಟ್ಟಳು.

"ತುಂಬಿಸ್ಕೊಂಡು ಬಾ," ಎಂದಳು.