ಎಡಗಡೆಯ ಸೀಟು

"ಇನ್ನೊಂದು ಸಲ ಹಾಕಪ್ಪ," ಎಂದ ಡ್ರೈವರಣ್ಣ, ದೊಡ್ಡ ಬಿಳಿ ಕಾರೊಂದರ ತೆರೆದ ಬಾನೆಟ್ಟಿನ ಕೆಳಗೆ ಬಾಗಿ ಬಲಗಿವಿಯನ್ನು ಎಂಜಿನ್ನಿನ ಕಡೆ ತಿರುಗಿಸಿಕೊಂಡು. ದಲ್ಲಾಳಿ ಮೂರನೆಯ ಸಲ ಕೀಲಿ ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮನೆ ಗುರುಗುಟ್ಟತೊಡಗಿತು. ಡ್ರೈವರಣ್ಣ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

"ಬೆಲ್ಟು ಸಡಿಲ ಆಗಿದೆ. ಅದೊಂದು ಬಿಟ್ರೆ ಎಂಜಿನ್ ಚಿನ್ನ."

ಹಳೆಯ ಕಾರು ಮಾರುವ ಆ ಅಂಗಳದಲ್ಲಿ ಇದ್ದದ್ದು ಹನ್ನೊಂದು ಕಾರು. ಬಂದ ಎರಡು ಗಂಟೆಯಲ್ಲಿ ಅವನು ಏಳರ ಎದೆಬಡಿತ ಕೇಳಿ ಮುಗಿಸಿದ್ದ. ಹೆಂಡತಿ ಕೈಚೀಲವನ್ನು ಅವುಚಿಕೊಂಡು ಹಿಂದೆ ಹಿಂದೆಯೇ ಸುತ್ತುತ್ತಿದ್ದಳು. ಚೀಲದೊಳಗೆ ಅವಳ ಲೈಸೆನ್ಸ್ ಇತ್ತು, ಸಿಕ್ಕಿ ಹತ್ತೊಂಬತ್ತು ದಿನವಾಗಿತ್ತು. ಫೋಟೋದಲ್ಲಿ ಅವಳು ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಆದರೂ ದಿನಕ್ಕೆ ನಾಲ್ಕು ಸಲ ತೆಗೆದು ನೋಡಿಕೊಳ್ಳುತ್ತಿದ್ದಳು.

ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು ಅವನು. ಬೀದಿಯ ಮಕ್ಕಳಿಗೆ ಅವನಿಗೊಂದು ಬೇರೆ ಹೆಸರಿದೆ ಎಂಬುದೇ ಗೊತ್ತಿರಲಿಲ್ಲ. ಐದು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎದುರಿಗಿರುವುದು ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ, ಇನ್ನು ಕಾಣುವುದೂ ಇಲ್ಲ ಎಂದರು. ಡಿಪೋದಲ್ಲಿ ಹಾರ ಹಾಕಿ, ಒಂದು ಗಡಿಯಾರ ಕೊಟ್ಟು ಕಳಿಸಿದರು. ಅಂದಿನಿಂದ ಇವತ್ತಿನವರೆಗೆ ಅವನು ಹೊಸ್ತಿಲು ದಾಟಿರಲಿಲ್ಲ. ಷಡ್ಡಕ ತನ್ನ ಕಾರು ತಂದು ಬಾ ಎಂದು ಕರೆದರೆ ತಲೆ ಸುತ್ತುತ್ತದೆ ಎಂದ. ಬಸ್ಸಿಗಾದರೂ ಹತ್ತೋಣ ಎಂದರೆ ಮಂಡಿನೋವು ಎಂದ. ನೋವು ಎಲ್ಲಿಯದು ಎಂದು ಹೆಂಡತಿಗೆ ಗೊತ್ತಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತು ಅವನಿಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಅವಳು ಕಲಿತದ್ದು. ಐವತ್ತೊಂದನೆಯ ವಯಸ್ಸಿನಲ್ಲಿ, ತಾನು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟು, ಆ ಬಿಡುವಿನಲ್ಲಿ, ಮೂರು ತಿಂಗಳು. ಕಾರಿನ ಶೋಕಿ ಅವಳಿಗೇನೂ ಇರಲಿಲ್ಲ. ಅವನು ಮನೆಯಿಂದ ಹೊರಗೆ ಬರಬೇಕು, ತನ್ನ ಪಕ್ಕದಲ್ಲಿ ಕೂರಬೇಕು, ಅಷ್ಟೇ. ಹೇಳಿದಾಗ ಅವನು ಬಹಳ ಹೊತ್ತು ಗಡಿಯಾರವನ್ನೇ ನೋಡಿ, "ಗಾಡಿ ನೋಡಿಕೊಡ್ತೀನಿ. ಕೂರೋದು ಆಮೇಲಿನ ಮಾತು," ಎಂದಿದ್ದ. ಇವತ್ತು ಇಲ್ಲಿಗೆ ಅರ್ಧ ಗಂಟೆ ನಡೆದೇ ಬಂದಿದ್ದರು. ಮಂಡಿನೋವು ದಾರಿಯಲ್ಲಿ ಒಮ್ಮೆಯೂ ತಲೆ ಎತ್ತಿರಲಿಲ್ಲ.

ಈಗ ಅವನು ಆ ದೊಡ್ಡ ಬಿಳಿ ಕಾರಿನ ಸ್ಟೀರಿಂಗ್ ಹಿಂದೆ ಕೂತು, ಎರಡೂ ಕೈ ಚಕ್ರದ ಮೇಲಿಟ್ಟು, ಗೇರು ಒಂದೊಂದೇ ಹಾಕಿ ನೋಡಿದ. ಐದು ತಿಂಗಳಲ್ಲಿ ಮೊದಲ ಸಲ ಅವನ ಮುಖ ಅರಳಿತ್ತು.

"ಇದೇ," ಎಂದ. "ಇದನ್ನ ಬಿಟ್ರೆ ಸಿಗಲ್ಲ."

"ಅಣ್ಣನಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದು ದಲ್ಲಾಳಿ ಹಲ್ಲು ಕಿರಿದ.

ಅದು ನಿಜವೇ ಆಗಿತ್ತು. ಅರಳಿದ ಆ ಮುಖವನ್ನು ಬಾಡಿಸಲು ಅವಳಿಗೆ ಮನಸ್ಸು ಬರಲಿಲ್ಲ. "ನಾನೂ ಒಂದ್ಸಲ ಕೂತು ನೋಡ್ತೀನಿ," ಎಂದಳು ಕೊನೆಗೆ.

ಕೂತರೆ ಕ್ಲಚ್ಚು ಹೆಬ್ಬೆರಳ ತುದಿಗೆ ಮಾತ್ರ ಸಿಕ್ಕಿತು. ಎದುರಿಗೆ ಚಕ್ರ, ಚಕ್ರದ ಮೇಲೆ ಒಂದಿಷ್ಟು ಆಕಾಶ. ಸೀಟು ಮುಂದಕ್ಕೆ ಎಳೆಯಲು ದಲ್ಲಾಳಿ ಬಗ್ಗಿ ಎರಡೂ ಕೈಯಲ್ಲಿ ಜಗ್ಗಿದ. ತುಕ್ಕು ಹಿಡಿದಿದ್ದ ಅದರ ಹಿಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಬೆನ್ನ ಹಿಂದೆ ಒಂದು ದಿಂಬು ಇಟ್ಕೊಂಡ್ರೆ ಆಯ್ತು," ಎಂದ ಡ್ರೈವರಣ್ಣ. "ನೀನು ಎಂಜಿನ್ ನೋಡೇ."

"ದಿಂಬು ಇಟ್ಕೊಂಡು ಮಲಗಬಹುದು, ರೀ." ಆಮೇಲೆ ದನಿ ತಗ್ಗಿಸಿ, "ಇದನ್ನ ನಿಮ್ಮ ಅಳತೆಗೆ ನೋಡಿದ್ದೀರಿ. ಓಡಿಸೋಳು ನಾನು," ಎಂದಳು.

ಮದುವೆಯಾದಂದಿನಿಂದ ಅವಳು ಅವನಿಗೆ ಅಂಥದೊಂದು ಮಾತು ಹೇಳಿರಲಿಲ್ಲ. ಬಾಗಿಲ ಮೇಲಿದ್ದ ತನ್ನ ಕೈಯನ್ನು ಅವನು ನಿಧಾನವಾಗಿ ತೆಗೆದುಕೊಂಡ. "ಹೌದಲ್ಲ," ಎಂದ. "ಮರೆತೇಬಿಟ್ಟಿದ್ದೆ." ಆಡಿದ ಮಾತನ್ನು ವಾಪಸು ನುಂಗಿಬಿಡೋಣ ಎಂದು ಅವಳಿಗೆ ಎನ್ನಿಸಿತು. ಆದರೆ ಕಾಲು ಎಟುಕದ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಎಲ್ಲಿಗೆ ಹೋಗುವುದು?

ನೀರಿನ ತೊಟ್ಟಿಯ ಪಕ್ಕದಲ್ಲಿ ಒಂದು ಪುಟ್ಟ ಹಸಿರು ಕಾರು ನಿಂತಿತ್ತು. ಎಡಗಡೆ ಬಾಗಿಲು ನೆಗ್ಗಿತ್ತು, ಬಣ್ಣ ಅಲ್ಲಲ್ಲಿ ಮಾಸಿತ್ತು. "ಅದು ಸಾಧಾರಣ ಗಾಡಿ ಅಕ್ಕ, ನಿಮಗೆ ತೋರಿಸೋಕೇ ನಾಚಿಕೆ," ಎನ್ನುತ್ತಲೇ ದಲ್ಲಾಳಿ ಹಿಂದೆ ಬಂದ. ಅವಳು ಒಳಗೆ ಕೂತು ಸೀಟು ಎಳೆದಳು. ಅದು ಸರಕ್ಕನೆ ಮುಂದೆ ಬಂತು. ಮೂರೂ ಪೆಡಲು ಅಂಗಾಲಿಗೆ ಸಿಕ್ಕವು. ಬಾನೆಟ್ಟಿನ ಮೂತಿ ಕೊನೆಯವರೆಗೂ ಕಂಡಿತು.

ಡ್ರೈವರಣ್ಣ ಬಂದು ಎಂಜಿನ್ನಿಗೆ ಕಿವಿ ಕೊಟ್ಟ. ಈ ಸಲ ಬಹಳ ಹೊತ್ತು ಕೇಳಿದ. "ವಯಸ್ಸಾಗಿದೆ," ಎಂದ. "ಆದ್ರೆ ಸುಳ್ಳು ಹೇಳ್ತಿಲ್ಲ."

"ಒಂದು ಸುತ್ತು ಹೋಗಿಬರೋಣ ಅಕ್ಕ," ಎನ್ನುತ್ತ ದಲ್ಲಾಳಿ ಎಡಗಡೆಯ ಬಾಗಿಲು ತೆಗೆದು ಕೂತ.

ಅವಳು ಗಂಡನ ಕಡೆ ನೋಡಿದಳು. ಅವನು ಎಲ್ಲಿಯೋ ನೋಡುತ್ತ, "ನೀವು ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ," ಎಂದ.

ಬನ್ನಿ ಎಂದು ಕರೆಯುವುದಿಲ್ಲ ಎಂದು ಅವಳು ಮನೆಯಲ್ಲೇ ತೀರ್ಮಾನಿಸಿಕೊಂಡಿದ್ದಳು. ಕರೆದರೆ ಬರುವ ಜಾಯಮಾನ ಅಲ್ಲ ಅವನದು. ಕೀಲಿ ತಿರುಗಿಸಿದಳು. ಕಾರು ಒಮ್ಮೆ ಗಕ್ಕನೆ ಜಿಗಿದು ನಿಂತಿತು. ಇನ್ನೊಮ್ಮೆ ತಿರುಗಿಸಿದಳು, ಮತ್ತೆ ಅದೇ ಕಥೆ. ದಲ್ಲಾಳಿ ನಗುವುದನ್ನು ಮರೆತು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡ.

ಆಗ ಹೊರಗಿನಿಂದ ಯಾರೋ ಕಾರಿನ ಮೈ ಸವರುತ್ತ ಬರುವ ಸದ್ದು ಕೇಳಿಸಿತು. ಹಿಂದಿನ ದೀಪ, ಹಿಂದಿನ ಬಾಗಿಲು, ನೆಗ್ಗಿದ ಎಡಬಾಗಿಲು. ಬಾಗಿಲು ತೆರೆಯಿತು.

"ಇಳಿಯಪ್ಪ," ಎಂದ ಡ್ರೈವರಣ್ಣ. "ಹಿಂದೆ ಕೂತ್ಕೋ."

ದಲ್ಲಾಳಿ ಬದುಕಿದೆಯಾ ಬಡಜೀವವೇ ಎಂದು ಹಿಂದಕ್ಕೆ ಹೋದ. ಡ್ರೈವರಣ್ಣ ತಲೆ ಬಗ್ಗಿಸಿ ಒಳಗೆ ಬಂದು ಕೂತ. ಸೀಟ್ ಬೆಲ್ಟಿಗಾಗಿ ಅವನ ಕೈ ಅಭ್ಯಾಸದಂತೆ ಬಲಭುಜದ ಕಡೆ ಹೋಗಿ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ. ಅವಳು ರಸ್ತೆಯ ಕಡೆ ನೋಡುತ್ತ ಕೂತಳು. ಕೊನೆಗೆ ಅವನ ಕೈ ಎಡಕ್ಕೆ ಹೋಗಿ, ಬೆಲ್ಟನ್ನು ಎಳೆದು ಸಿಕ್ಕಿಸಿಕೊಂಡಿತು.

ಕಾಲು ಚಾಚಿದವನು ತಟ್ಟನೆ ಬಗ್ಗಿ ನೋಡಿದ. ಬಲಗಾಲಿನ ಅಡಿಯಲ್ಲಿ ಮ್ಯಾಟು ಸವೆದು ಪಾದದಗಲ ಕುಳಿಯಾಗಿತ್ತು.

"ಇಲ್ಲಿ ಯಾರೋ ಬ್ರೇಕ್ ಹಾಕಿದ್ದಾರೆ," ಎಂದ.

ದಲ್ಲಾಳಿಗೆ ಸಂಕೋಚವಾಯಿತು. "ಮೊದಲಿನ ಒಡತಿ ಹೊಸದಾಗಿ ಕಲಿತವರು ಅಣ್ಣ. ಯಜಮಾನರು ಪಕ್ಕದಲ್ಲಿ ಕೂತು ತುಳಿದೂ ತುಳಿದೂ ಹಾಗಾಗಿದೆ. ಹೊಸ ಮ್ಯಾಟ್ ಹಾಕಿಸಿಕೊಡ್ತೀನಿ ಬಿಡಿ."

"ಬೇಡ."

"ಪೂರ್ತಿ ಸವೆದುಹೋಗಿದೆ ಅಣ್ಣ."

"ಇರಲಿ. ಅಳತೆ ಸರಿಯಾಗಿದೆ."

ಅವಳು ತುಟಿ ಕಚ್ಚಿ ಹಿಡಿದಳು. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ.

"ಕ್ಲಚ್ಚು ಅರ್ಧಕ್ಕೆ ಬಂದಾಗ ಒಂದು ಗಳಿಗೆ ಕಾಯಿ," ಎಂದ ಅವನು, ಎದುರಿಗೆ ನೋಡುತ್ತ. "ಈಗ ಬಿಡು ಅಂತ ಅದೇ ಹೇಳತ್ತೆ."

ಅವಳು ಕಾದಳು. ಅಂಗಾಲಿನ ಕೆಳಗೆ ಸಣ್ಣ ನಡುಕ ಹತ್ತಿತು. ಬಿಟ್ಟಳು. ಹಸಿರು ಕಾರು ತೊಟ್ಟಿಯನ್ನು, ಬಿಳಿ ಕಾರನ್ನು ದಾಟಿ ಗೇಟಿನವರೆಗೆ ಉರುಳಿ ನಿಂತಿತು. ಅಡ್ಡರಸ್ತೆಯಲ್ಲಿ ಒಂದೆರಡು ಗಾಡಿ ದಾಟಿ ಹೋದವು. ಅವನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕತ್ತು ಹೊರಳಿಸಿ, ಮತ್ತೆ ನೇರಕ್ಕೆ ತಿರುಗಿದ.

"ಬಲಗಡೆ ನೋಡಿದ್ಯಾ?"

"ನೋಡಿದೆ."

"ಎಡಗಡೆ?"

"ನೋಡಿದೀನಿ, ರೀ. ಯಾರೂ ಇಲ್ಲ."

ಕುಳಿಯಲ್ಲಿ ಒತ್ತಿಹಿಡಿದಿದ್ದ ತನ್ನ ಕಾಲನ್ನು ಅವನು ನಿಧಾನವಾಗಿ ಮೇಲೆತ್ತಿದ.