ಬೇಡ ಗುಂಡಿಯ ಮೂವತ್ತು ದಿನ

ಆ ಕಚೇರಿಯಲ್ಲಿ ಜನ ಏಳು, ಕುರ್ಚಿ ಒಂಬತ್ತು. ಏಳೂ ಜನ ಸೇರಿ ನಡೆಸುತ್ತಿದ್ದದ್ದು ಒಂದು ಹುಡುಕುಯಂತ್ರ. ದೊಡ್ಡ ಕಂಪನಿಗಳ ಯಂತ್ರದಲ್ಲಿ ಬೆಳಿಗ್ಗೆ ಒಮ್ಮೆ ಚಪ್ಪಲಿ ಎಂದು ಕೇಳಿದರೆ ಸಾಕು, ವಾರವಿಡೀ ಅದು ಚಪ್ಪಲಿ ಹಿಡಿದುಕೊಂಡೇ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಇವರದು ಹಾಗಲ್ಲ. ಕೇಳಿದ್ದನ್ನು ಕೊಟ್ಟು, ಕೇಳಿದವರು ಯಾರೆಂಬುದನ್ನು ನಿಂತ ನಿಲುವಿನಲ್ಲೇ ಮರೆಯುವುದು ಇವರ ಹಟ.

ಮರೆವಿನಲ್ಲೂ ಒಂದು ತಾಪತ್ರಯವಿತ್ತು. ಹೊಸ ಸೌಲಭ್ಯವೊಂದನ್ನು ಬಿಟ್ಟರೆ ಅದನ್ನು ಯಾರಾದರೂ ಮುಟ್ಟಿದರೋ ಇಲ್ಲವೋ ಇವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಯಜಮಾನರು ಒಂದು ನಿಯಮ ಮಾಡಿದ್ದರು. ಮೂವತ್ತು ದಿನದೊಳಗೆ ಬಳಸಿದವರಿಂದ ಒಂದಾದರೂ ಇಮೇಲ್ ಪತ್ರ ಬರಬೇಕು. ಹೊಗಳಿಕೆಯಾದರೂ ಸರಿ, ಬೈಗುಳವಾದರೂ ಸರಿ, ನೆಂಟರದ್ದು ಮಾತ್ರ ನಡೆಯದು. ಬಾರದಿದ್ದರೆ ಮೂವತ್ತೊಂದನೆಯ ದಿನ ಆ ಸೌಲಭ್ಯಕ್ಕೆ ಕತ್ತರಿ. ಪತ್ರ ಬರೆಯಲು ಆ್ಯಪಿನಲ್ಲಿ ಗುಂಡಿ ಇರಲಿಲ್ಲ. ವಿಳಾಸ ಬೇಕಾದವರು ಇವರ ಜಾಲತಾಣವನ್ನು ಹುಡುಕಿ ತೆಗೆಯಬೇಕಿತ್ತು. ನಮ್ಮನ್ನು ಹುಡುಕಿಕೊಂಡು ಬರಲಿ, ನಾವೇನು ತರಕಾರಿ ಅಂಗಡಿಯವರೇ ಎಂಬುದು ಯಜಮಾನರ ವಾದ. ಓದುವ ಕಾಲದಲ್ಲಿ ಎರಡು ವರ್ಷ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದಿದ ಮನುಷ್ಯ ಅವರು. ಈಗಲೂ ಊಟಕ್ಕೆ ಏಳುವಾಗ ಕೂಡ "ದಯವಿಟ್ಟು ಗಮನಿಸಿ" ಎನ್ನುವ ಧಾಟಿ.

ಈ ಸಲ ಆ್ಯಪಿನಲ್ಲಿ ಹೊರಬಂದದ್ದು ಚುಟುಕಿಯ ಕೂಸು. ಮಾತು ಕಡಿಮೆ ಎಂದು ಕಚೇರಿ ಅವಳಿಗೆ ಇಟ್ಟ ಹೆಸರು ಅದು, ವಯಸ್ಸು ಮೂವತ್ತೆಂಟು. ಫಲಿತಾಂಶಗಳ ಪಕ್ಕದಲ್ಲಿ ಅವಳು "ಬೇಡ" ಎಂಬ ಗುಂಡಿ ಇಟ್ಟಿದ್ದಳು. ಯಾವ ಜಾಲತಾಣದ ಮೇಲೆ ಅದನ್ನು ಒತ್ತುತ್ತೀರೋ ಅದು ನಿಮ್ಮ ಫೋನಿನ ಬೇಡದ ಪಟ್ಟಿಗೆ ಸೇರಿ ಮತ್ತೆ ಮುಖ ತೋರಿಸುವುದಿಲ್ಲ. ಅವಳ ಹಿಂದಿನ ಎರಡು ಸೌಲಭ್ಯಗಳಿಗೆ ಕತ್ತರಿ ಬಿದ್ದಾಗಿತ್ತು. ಮೂರನೆಯದಕ್ಕೂ ಬಿದ್ದರೆ ಹೊಸದನ್ನು ಕಟ್ಟುವ ಕೆಲಸ ತಪ್ಪಿ, ಹಳೆಯ ಸರ್ವರುಗಳ ಆರೈಕೆಗೆ ಹೋಗಬೇಕೆಂದು ಯಜಮಾನರು ಮೊದಲೇ ಹೇಳಿದ್ದರು.

ಇಪ್ಪತ್ತೆಂಟು ದಿನ ಕಳೆಯಿತು. ಕಂಪ್ಯೂಟರಿನಲ್ಲಿ ಹುಡುಕುವವರಿಂದ ಪತ್ರಗಳು ಎಂದಿನಂತೆ ಬಂದವು: ಅಕ್ಷರ ಚಿಕ್ಕದಾಯಿತು, ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಬೇಡ ಗುಂಡಿ ಇದ್ದದ್ದು ಆ್ಯಪಿನಲ್ಲಿ ಮಾತ್ರ. ಆ್ಯಪಿನವರು ತುಟಿ ಪಿಟಕ್ಕೆನ್ನಲಿಲ್ಲ. ಹೊಸ ಸೌಲಭ್ಯಗಳಲ್ಲಿ ದೋಷ ಹುಡುಕುವ ಪರೀಕ್ಷಕ, ಅವನನ್ನು ಕರೆಯುತ್ತಿದ್ದದ್ದು ತಕರಾರು ಎಂದು, ಚಹಾದ ಲೋಟವನ್ನೇ ಮೈಕಿನಂತೆ ಹಿಡಿದು ಯಜಮಾನರ ದನಿ ತೆಗೆದ. "ಪ್ರಯಾಣಿಕರ ಗಮನಕ್ಕೆ. ಬೇಡ ಗುಂಡಿಯು ಮೂವತ್ತೊಂದನೇ ದಿನದಂದು ಶಾಶ್ವತವಾಗಿ ಹೊರಡಲಿದೆ." ಎಲ್ಲರೂ ನಕ್ಕರು. ಚುಟುಕಿಯೂ ನಕ್ಕಳು, ಸ್ವಲ್ಪ ತಡವಾಗಿ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳ ಸೋದರತ್ತೆ ಫೋನು ಮಾಡಿದರು. ಗುಂಡಿ ಒತ್ತಿ ಒತ್ತಿ ಕೂದಲೆಣ್ಣೆ ಮಾರುವ ಹದಿನೇಳು ತಾಣಗಳನ್ನು ಓಡಿಸಿದ್ದಾಯಿತು ಎಂದು ಖುಷಿಪಟ್ಟರು. ಆಮೇಲೆ ಅಸಲು ವಿಷಯಕ್ಕೆ ಬಂದರು.

"ನಿನ್ ಆಫೀಸಿಗೆ ಒಂದು ಒಳ್ಳೆ ಮಾತು ಬರೆಯೋಣ ಅಂತ ಹುಡುಕಿದ್ರೆ, ನಿಮ್ಮ ಆಫೀಸೇ ಇಲ್ವಲ್ಲೇ! ನಿಜವಾಗ್ಲೂ ಕೆಲಸಕ್ಕೆ ಹೋಗ್ತಿದೀಯ ತಾನೆ?"

ಚುಟುಕಿ ಫೋನಿಟ್ಟು ಆ್ಯಪಿನ ಕೋಡು ತೆರೆದಳು. ನಾಲ್ಕೇ ನಿಮಿಷದಲ್ಲಿ ತಪ್ಪು ಸಿಕ್ಕಿತು. ಬೇಡದ ಪಟ್ಟಿ ಆ್ಯಪಿನ ಜೊತೆ ಖಾಲಿಯಾಗಿ ಹೊರಡಬೇಕಿತ್ತು. ಅದರಲ್ಲಿ ಒಂದು ವಿಳಾಸ ಕೂತಿತ್ತು. ಅವರದೇ ತಾಣದ ವಿಳಾಸ. ಪರೀಕ್ಷೆಯ ನೆಪದಲ್ಲೂ ಬೇರೆಯವರ ತಾಣವನ್ನು ಮರೆಮಾಡುವುದು ಸಭ್ಯತೆಯಲ್ಲ ಎಂಬುದು ಆ ಕಚೇರಿಯ ಪದ್ಧತಿ. ಹಾಗಾಗಿ ಅವಳು ತಮ್ಮದನ್ನೇ ಹಾಕಿ ನೋಡಿದ್ದಳು, ತೆಗೆಯಲು ಮರೆತಿದ್ದಳು. ತಮ್ಮ ವಿಳಾಸ ಬಾಯಿಪಾಠವಿದ್ದ ತಕರಾರು ಅದನ್ನು ಎಂದೂ ಹುಡುಕಿ ನೋಡಿರಲಿಲ್ಲ. ಹೊಸ ಆ್ಯಪ್ ಹಾಕಿಕೊಂಡ ಪ್ರತಿಯೊಬ್ಬರಿಂದಲೂ ಹುಡುಕುಯಂತ್ರ ತನ್ನನ್ನೇ ಬಚ್ಚಿಟ್ಟುಕೊಂಡಿತ್ತು.

ಅವಳು ಯಜಮಾನರ ಮುಂದೆ ನಿಂತು ಹೇಳಿದಳು, ಎರಡು ವಾಕ್ಯದಲ್ಲಿ. ದಿನಗಳನ್ನು ಹೊಸದಾಗಿ ಎಣಿಸಬಹುದೇ ಎಂದು ಕೇಳಿದಳು. ಯಜಮಾನರು ಕನ್ನಡಕ ಒರೆಸಿಕೊಂಡರು.

"ನಿಯಮದಲ್ಲಿ ಹಾಗೇನಿಲ್ಲಮ್ಮ. ನಾಳೆ ಒಂದು ದಿನ ಇದೆ. ನೋಡು."

ಸರಿಪಡಿಸಿದ ಆವೃತ್ತಿ ಮಧ್ಯಾಹ್ನಕ್ಕೆ ತಯಾರಾಯಿತು. ಪ್ರತಿ ಬಿಡುಗಡೆಯ ಜೊತೆಗೂ ಹೊಸತೇನು ಎಂದು ಎರಡು ಸಾಲು ಬರೆಯಬೇಕು. ತಕರಾರು ಎಂದಿನ ಸಾಲನ್ನೇ ಹಾಕು ಎಂದ: ಸಣ್ಣಪುಟ್ಟ ತೊಂದರೆಗಳನ್ನು ನಿವಾರಿಸಲಾಗಿದೆ. "ಮನೆಮನೆಗೆ ಹೋಗಿ ನಮ್ಮ ಮಾನ ನಾವೇ ಹರಾಜು ಹಾಕಬೇಕಾ?" ಎಂದೂ ಕೇಳಿದ. ಚುಟುಕಿ ಆ ಸಾಲನ್ನು ಟೈಪು ಮಾಡಿದಳು, ನೋಡಿದಳು, ಅಳಿಸಿದಳು. ಅದರ ಜಾಗದಲ್ಲಿ ಬರೆದಳು: ಹಿಂದಿನ ಆವೃತ್ತಿಯಲ್ಲಿ ನಮ್ಮದೇ ತಾಣವನ್ನು ನಾನು ನಿಮ್ಮ ಬೇಡದ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ನೀವು ಒತ್ತಿದ್ದಲ್ಲ. ತಪ್ಪು ನನ್ನದು, ತೆಗೆದಿದ್ದೇನೆ.

ಮೂವತ್ತನೆಯ ದಿನ ಮಧ್ಯಾಹ್ನದವರೆಗೆ ಒಂದೇ ಪತ್ರ ಬಂತು. ಅದು ಸೋದರತ್ತೆಯದು, ಎರಡು ಪುಟ. ಯಜಮಾನರು ಪೂರ್ತಿ ಓದಿ ನೆಂಟರ ಕಡತಕ್ಕೆ ಹಾಕಿದರು. ಚುಟುಕಿ ಸರ್ವರು ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ ಬಂದಳು.

ನಾಲ್ಕೂವರೆಗೆ ಇನ್ನೊಂದು ಬಂತು. ಬರೆದವರು ನಿವೃತ್ತ ಭೂಮಾಪಕರಂತೆ. ಯಜಮಾನರು ಅದನ್ನು ಮುದ್ರಿಸಿಕೊಂಡು ಎದ್ದು ನಿಂತು ತಮ್ಮ ನಿಲ್ದಾಣದ ದನಿಯಲ್ಲೇ ಓದಲು ತೊಡಗಿದರು. "ಮಹನೀಯರೇ, ಮೂರು ವಾರದ ಹಿಂದೆ ನನ್ನ ಬೇಡದ ಪಟ್ಟಿಯಲ್ಲಿ ನಿಮ್ಮದೇ ವಿಳಾಸ ಕಂಡಿತು. ಬೆರಳು ನಡುಗುವ ವಯಸ್ಸು, ನಾನೇ ಒತ್ತಿರಬೇಕು ಅಂದುಕೊಂಡೆ. ತೆಗೆಯೋದು ಹೇಗೆ ಅಂತ ತಿಳಿಯಲಿಲ್ಲ. ಉಪಕಾರ ಮಾಡಿದವರನ್ನೇ ಬೇಡ ಅಂದೆನಲ್ಲಾ ಅಂತ ನಾಚಿಕೆಯಾಗಿ, ಮೊಮ್ಮಗಳನ್ನೂ ಕೇಳದೆ ಸುಮ್ಮನಿದ್ದೆ. ನಾನಲ್ಲ ಅಂತ ನಿನ್ನೆ ತಿಳೀತು..."

ಅಲ್ಲಿಗೆ ನಿಲ್ದಾಣದ ದನಿ ನಿಂತಿತು. ಉಳಿದದ್ದನ್ನು ಯಜಮಾನರು ಸಾಮಾನ್ಯ ಮನುಷ್ಯರಂತೆ, ಮೆಲ್ಲಗೆ ಓದಿಕೊಂಡರು. ತಕರಾರು ಲೋಟವನ್ನು ಮೇಜಿನ ಮೇಲಿಟ್ಟ.

"ಬೇಡ ಇರಲಿ," ಎಂದರು ಯಜಮಾನರು.

ಚುಟುಕಿ ಪತ್ರವನ್ನು ಕೇಳಿ ತೆಗೆದುಕೊಂಡಳು. ತೆಗೆಯೋದು ಹೇಗೆ ಅಂತ ತಿಳಿಯಲಿಲ್ಲ ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ತನ್ನ ಕುರ್ಚಿಗೆ ಹೋಗಿ ಕೂತು ಕೋಡು ತೆರೆದಳು.